ಒಬ್ಬ ಹುಡುಗನಿಗೆಂದು ಹುಟ್ಟಿದ ಹಾಡು

ಮಗುವಿಗಾಗಿ ಹಾಡುವುದು ಬಹು ಪುರಾತನವಾದ ಅಭ್ಯಾಸ. ತೊಟ್ಟಿಲ ಹಗ್ಗ ಹಿಡಿದ ತಾಯಿಗೆ ರಾಗದ ಹೆಸರು ತಿಳಿದಿರಬೇಕಾಗಿಲ್ಲ. ಕೇಳುವ ಕೂಸಿಗೆ ಮಾತಿನ ಅರ್ಥ ಆಗಬೇಕಾಗಿಲ್ಲ. ಹಾಡು ಮುಗಿಯುವಷ್ಟರಲ್ಲಿ ಮಗುವಿನ ಕಣ್ಣು ಮುಚ್ಚಿದರೆ ಹಾಡಿನ ಕೆಲಸ ಆಯಿತು. ಅಂಥ ಹಾಡನ್ನು ಯಾರೂ ಬರೆದಿಡುವುದಿಲ್ಲ, ಯಾರೂ ಹಣ ಕೊಟ್ಟು ಕೊಳ್ಳುವುದಿಲ್ಲ. ನಮ್ಮ ಹಳ್ಳಿಗಳ ಜೋಗುಳಗಳನ್ನು ಮೊದಲು ಕಟ್ಟಿದವರು ಯಾರೆಂಬುದು ನಮಗೆ ತಿಳಿಯದೆ ಹೋದದ್ದೂ ಇದರಿಂದಲೇ. ಹಾಡಿದವಳಿಗೂ ಕೇಳಿದ ಮಗುವಿಗೂ ನಡುವೆ ಮೂರನೆಯವರ ಪ್ರವೇಶವೇ ಅಲ್ಲಿರಲಿಲ್ಲ.

ಗ್ರಾಮಫೋನ್ ತಟ್ಟೆಯೂ ಬಾನುಲಿಯೂ ಬಂದ ಮೇಲೆ ಈ ಸ್ಥಿತಿ ಬದಲಾಯಿತು. ಒಂದು ಮಗುವಿನ ಮೇಲಣ ಮಮತೆಯಿಂದ ಹುಟ್ಟಿದ ಹಾಡು ಲಕ್ಷಾಂತರ ಮನೆಗಳನ್ನು ಹೊಕ್ಕು, ಆ ಮಗುವನ್ನು ಕಂಡರಿಯದವರ ಬಾಯಲ್ಲೂ ನೆಲೆಸುವುದು ಸಾಧ್ಯವಾಯಿತು. ಇದು ಹಾಡಿನ ಭಾಗ್ಯವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಹಾಗೆ ಲೋಕ ಸುತ್ತಲು ಹೊರಟ ಹಾಡು, ಯಾರಿಗೆಂದು ಹುಟ್ಟಿತೋ ಆ ಮಗುವಿನ ಬಳಿಗೆ ಎಂದಾದರೂ ಹಿಂತಿರುಗಿ ಬರುತ್ತದೆಯೇ? ಈ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು, 1968ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ‘ಹೇ ಜೂಡ್’ ಎಂಬ ಹಾಡಿನ ಚರಿತ್ರೆಯನ್ನು ಓದುಗರ ಮುಂದಿಡಬೇಕೆಂದಿದ್ದೇನೆ. ನಿಮ್ಮಲ್ಲಿ ಅನೇಕರು ಈ ಹಾಡನ್ನು ಕೇಳಿರಬಹುದು. ಕೇಳದವರು ಕೂಡ ಅದರ ಕಥೆಯನ್ನು ತಿಳಿಯುವುದಕ್ಕೆ ಅಡ್ಡಿಯೇನೂ ಇಲ್ಲ.

ಬೀಟಲ್ಸ್ ಎಂಬ ಹೆಸರಿನ ನಾಲ್ವರ ತಂಡ ಲಿವರ್‌ಪೂಲ್ ಬಂದರಿನಿಂದ ಬಂದದ್ದು. ಜಾನ್ ಲೆನನ್, ಪಾಲ್ ಮೆಕಾರ್ಟ್ನಿ, ಜಾರ್ಜ್ ಹ್ಯಾರಿಸನ್, ರಿಂಗೋ ಸ್ಟಾರ್ ಎಂಬ ಈ ತರುಣರು 1962ರಿಂದ ಆರೇ ವರ್ಷಗಳಲ್ಲಿ ಗಳಿಸಿದ ಕೀರ್ತಿ ಅಸಾಧಾರಣವಾದದ್ದು. ಬಹುಪಾಲು ಹಾಡುಗಳನ್ನು ಕಟ್ಟುತ್ತಿದ್ದವರು ಲೆನನ್ ಮತ್ತು ಮೆಕಾರ್ಟ್ನಿ. 1968ರ ಫೆಬ್ರವರಿಯಲ್ಲಿ ಈ ನಾಲ್ವರೂ ಹೃಷೀಕೇಶಕ್ಕೆ ಬಂದು ಮಹರ್ಷಿ ಮಹೇಶ ಯೋಗಿಗಳ ಆಶ್ರಮದಲ್ಲಿ ಧ್ಯಾನವನ್ನು ಕಲಿತದ್ದು ನಮ್ಮ ದೇಶದ ಪತ್ರಿಕೆಗಳಲ್ಲೆಲ್ಲ ಸುದ್ದಿಯಾಗಿತ್ತು. ಲೆನನ್ ಅವರ ಜತೆಯಲ್ಲಿ ಅವರ ಪತ್ನಿ ಸಿಂಥಿಯಾ ಅವರೂ ಬಂದಿದ್ದರು. ಗಂಗೆಯ ದಡದ ಆ ವಾಸದಲ್ಲಿ ಹಾಡುಗಳೇನೋ ಹೇರಳವಾಗಿ ಹುಟ್ಟಿದವು. ಆದರೆ ಆ ದಂಪತಿಗಳ ನಡುವಿನ ಬಿರುಕು ಅಲ್ಲಿ ಕೂಡಿಕೊಳ್ಳಲಿಲ್ಲ. ಏಪ್ರಿಲಿನಲ್ಲಿ ಅವರು ಊರಿಗೆ ಹಿಂತಿರುಗಿದರು. ಮೇ ತಿಂಗಳ ಹೊತ್ತಿಗೆ ಲೆನನ್ ಅವರ ಮನಸ್ಸು ಯೋಕೋ ಓನೋ ಎಂಬ ಜಪಾನೀ ಕಲಾವಿದೆಯಲ್ಲಿ ನೆಟ್ಟಿತ್ತು. ಮದುವೆ ಮುರಿದುಬಿತ್ತು.

ಈ ದಂಪತಿಗಳಿಗೆ ಒಬ್ಬನೇ ಮಗ. ಹೆಸರು ಜೂಲಿಯನ್. ಹುಟ್ಟಿದ್ದು 1963ರ ಏಪ್ರಿಲ್ 8ರಂದು. ಲೆನನ್ ಅವರ ತಾಯಿ ಜೂಲಿಯಾ ಅವರ ನೆನಪಿಗಾಗಿ ಇಟ್ಟ ಹೆಸರು ಅದು. ತಂದೆಯ ಕೀರ್ತಿಗೂ ಮಗನಿಗೂ ಒಂದೇ ವಯಸ್ಸು ಎಂದರೂ ಸಲ್ಲುತ್ತದೆ. ತಂದೆ ಊರೂರು ತಿರುಗುತ್ತಿದ್ದಾಗ ಮಗು ತಾಯಿಯ ಬಳಿ ಬೆಳೆಯಿತು. ಅದು ಶಾಲೆಯಿಂದ ತಂದ ಒಂದು ಚಿತ್ರ, ತನ್ನ ಸಹಪಾಠಿ ಹುಡುಗಿಯನ್ನು ಆಕಾಶದಲ್ಲಿ ಬರೆದದ್ದು, ತಂದೆಯಿಂದ 1967ರಲ್ಲಿ ಒಂದು ಪ್ರಸಿದ್ಧ ಹಾಡನ್ನೇ ಬರೆಯಿಸಿತ್ತು. ಆದರೆ ಹಾಡಿಗೆ ವಸ್ತುವಾಗುವುದು ಬೇರೆ, ತಂದೆಯ ತೊಡೆಯ ಮೇಲೆ ಕೂರುವುದು ಬೇರೆ. ಲೆನನ್ ಅವರೂ ಎಳವೆಯಲ್ಲಿ ಇಂಥದನ್ನೇ ಉಂಡವರು. ತಂದೆತಾಯಿಗಳು ಬೇರೆಯಾದ ಮೇಲೆ ಐದಾರು ವರ್ಷದ ವಯಸ್ಸಿನಿಂದ ಚಿಕ್ಕಂದಿನ ದಿನಗಳನ್ನು ತಾಯಿಯ ಅಕ್ಕನ ಮನೆಯಲ್ಲಿ ಕಳೆದರು. ಈಗ ಮಗನಿಗೂ ಐದೇ ವರ್ಷ. ತನಗೆ ಆದ ಗಾಯ ಇನ್ನೊಬ್ಬರಿಗೆ ಆಗಬಾರದೆಂಬ ಎಚ್ಚರ ಗಾಯಗೊಂಡವರಿಗೆಲ್ಲ ತಾನಾಗಿ ಬರುವುದಿಲ್ಲ ಎಂಬುದು ಲೋಕದ ಒಂದು ಕಹಿ ಸತ್ಯ.

ಸಿಂಥಿಯಾ ಮತ್ತು ಜೂಲಿಯನ್ ಆಗ ಇದ್ದದ್ದು ಲಂಡನ್ನಿನ ನೈರುತ್ಯಕ್ಕೆ ವೇಬ್ರಿಡ್ಜ್ ಎಂಬಲ್ಲಿ. ತಂಡದ ಗೆಳೆಯನ ಮನೆ ಒಡೆದಾಗ, ಬಿಟ್ಟುಹೋದವನ ಕಡೆಗೇ ಬಳಗವೆಲ್ಲ ನಿಲ್ಲುವುದು ವಾಡಿಕೆ. ಮೆಕಾರ್ಟ್ನಿಯವರು ಹಾಗೆ ಮಾಡಲಿಲ್ಲ. 1968ರ ಬೇಸಿಗೆಯಲ್ಲಿ ಒಂದು ದಿನ ತಾವೊಬ್ಬರೇ ಕಾರು ನಡೆಸಿಕೊಂಡು ಆ ತಾಯಿಮಗನನ್ನು ನೋಡಲು ಹೊರಟರು. ಕೈಯಲ್ಲಿ ಒಂದು ಕೆಂಗುಲಾಬಿಯನ್ನು ಹಿಡಿದು ಅವರು ಬಾಗಿಲಿಗೆ ಬಂದದ್ದನ್ನು ಸಿಂಥಿಯಾ ಅವರು ಮುಂದೆ ಕೃತಜ್ಞತೆಯಿಂದ ನೆನೆದಿದ್ದಾರೆ. ಮೆಕಾರ್ಟ್ನಿಯವರಿಗೆ ಆಗ ಇಪ್ಪತ್ತಾರು ವರ್ಷ, ಸ್ವಂತ ಮಕ್ಕಳಿರಲಿಲ್ಲ. ಹದಿನಾಲ್ಕನೆಯ ವಯಸ್ಸಿನಲ್ಲಿ ತಾಯಿಯನ್ನು ಕಳೆದುಕೊಂಡವರು ಅವರು. ಮನೆಯಲ್ಲಿ ಒಂದು ಸ್ಥಳ ಇದ್ದಕ್ಕಿದ್ದಂತೆ ಬರಿದಾಗುವುದೆಂದರೇನು ಎಂಬುದು ಅವರಿಗೆ ಗೊತ್ತಿತ್ತು. ಜೂಲಿಯನ್ ಜತೆ ಆಡುವುದೆಂದರೆ ಅವರಿಗೆ ಇಷ್ಟ.

ಹಾಡು ಹುಟ್ಟಿದ್ದು ಆ ದಾರಿಯಲ್ಲಿ, ಕಾರಿನೊಳಗೆ. ಮಗುವಿಗೆ ಏನು ಹೇಳಿ ಸಮಾಧಾನ ಮಾಡಬೇಕೆಂದು ಯೋಚಿಸುತ್ತ ಅವರು ತಮ್ಮಷ್ಟಕ್ಕೆ ಗುನುಗತೊಡಗಿದರು. ಮೊದಲು ಬಾಯಿಗೆ ಬಂದ ಹೆಸರು ‘ಜೂಲ್ಸ್’; ಜೂಲಿಯನ್ ಎಂಬುದನ್ನು ಮುದ್ದಿನಿಂದ ಮೊಟಕು ಮಾಡಿದ ರೂಪ ಅದು. ಎದೆಗುಂದಬೇಡ, ಬಂದ ದುಃಖವನ್ನೇ ಆದಷ್ಟು ಹಸನು ಮಾಡಿಕೊ ಎಂಬುದು ಅದರ ತಾತ್ಪರ್ಯ. ಮುಂದೆ ಹಾಡುವಾಗ ಆ ಹೆಸರಿನ ಕೊನೆ ನಾಲಗೆಗೆ ಅಷ್ಟಾಗಿ ಹಿತವೆನಿಸದೆ ‘ಜೂಡ್’ ಎಂದು ತಿದ್ದಿಕೊಂಡರು. ಕಿವಿಗೆ ಅದು ಹೆಚ್ಚು ದೃಢವಾಗಿ ಕೇಳಿತು, ಅಷ್ಟೆ. ಓದುಗರು ಈ ಸಣ್ಣ ಬದಲಾವಣೆಯನ್ನು ಗಮನಿಸಬೇಕು. ಒಂದು ಅಕ್ಷರ ಬದಲಾದ ಗಳಿಗೆಯಲ್ಲಿ ಹಾಡು ಜೂಲಿಯನ್‌ನ ಕೈ ಬಿಟ್ಟು ಬೀದಿಗೆ ಕಾಲಿಟ್ಟಿತು. ಜೂಡ್ ಎಂದರೆ ಯಾರಾದರೂ ಆಗಬಹುದಾಗಿತ್ತು.

ಹಾಗೆ ಮೊದಲು ಅದನ್ನು ತನ್ನದೆಂದುಕೊಂಡವರು ಬೇರೆ ಯಾರೂ ಅಲ್ಲ, ಆ ಮಗುವಿನ ತಂದೆಯೇ! ಹೊಸ ಹಾಡನ್ನು ಮೆಕಾರ್ಟ್ನಿಯವರು ಲೆನನ್ ಮತ್ತು ಯೋಕೋ ಅವರ ಎದುರಿಗೇ ಹಾಡಿ ತೋರಿಸಿದರು. ಹಾಡು ನಡುವಿನಲ್ಲಿ, ಮಗುವಿಗೆ ಹೇಳುವ ಮಾತನ್ನು ಬಿಟ್ಟು, ಪ್ರೀತಿಸಿದವಳನ್ನು ಹೋಗಿ ಪಡೆ ಎಂದು ಒಬ್ಬ ತರುಣನಿಗೆ ಹೇಳುವ ಮಾತಿನ ಕಡೆಗೆ ಹೊರಳುತ್ತದೆ. ಅದನ್ನು ಕೇಳಿದ ಲೆನನ್ ಅವರಿಗೆ ಗೆಳೆಯ ತನ್ನನ್ನೇ ಹರಸಿ ಕಳುಹಿಸುತ್ತಿದ್ದಾನೆ ಎನ್ನಿಸಿತಂತೆ. ಹೆಗಲಿನ ಮಾತು ಬರುವ ಒಂದು ಸಾಲನ್ನು, ಅರ್ಥ ಕೂಡುವುದಿಲ್ಲ, ಆಮೇಲೆ ತಿದ್ದುತ್ತೇನೆ ಎಂದು ಮೆಕಾರ್ಟ್ನಿಯವರು ಹೇಳಿದಾಗ, ಬೇಡ, ಹಾಡಿನಲ್ಲೆಲ್ಲ ಒಳ್ಳೆಯ ಸಾಲು ಅದೇ ಎಂದು ತಡೆದವರೂ ಲೆನನ್. ಆ ಸಾಲು ಹಾಗೆಯೇ ಉಳಿಯಿತು. ಮಗನಿಗಾಗಿ ಹುಟ್ಟಿದ ಸಾಂತ್ವನದಲ್ಲಿ ತಂದೆ ತನ್ನ ಸಮರ್ಥನೆಯನ್ನು ಕಂಡುಕೊಂಡದ್ದು ಈ ಕಥೆಯ ಮೊದಲನೆಯ ಸೋಜಿಗ.

ಇನ್ನು ಧ್ವನಿಮುದ್ರಣದ ಸಂಗತಿ. ಜುಲೈ 29 ಮತ್ತು 30ರಂದು ಲಂಡನ್ನಿನ ಅಬ್ಬೆ ರಸ್ತೆಯ ಸ್ಟುಡಿಯೋದಲ್ಲಿ ತಾಲೀಮು ನಡೆಯಿತು. ಬಳಿಕ ಜುಲೈ 31ರಂದು ಸೋಹೋ ಭಾಗದ ಟ್ರೈಡೆಂಟ್ ಸ್ಟುಡಿಯೋಕ್ಕೆ ಹೋದರು. ಅಲ್ಲಿ ಎಂಟು ಧ್ವನಿಗಳನ್ನು ಬೇರೆ ಬೇರೆಯಾಗಿ ಹಿಡಿಯಬಲ್ಲ ಟೇಪ್ ಯಂತ್ರವಿತ್ತು. ಅಬ್ಬೆ ರಸ್ತೆಯಲ್ಲಿ ಅವರು ಬಳಸುತ್ತಿದ್ದುದು ನಾಲ್ಕರ ಯಂತ್ರ. ಪಿಯಾನೋ ಮುಂದೆ ಕುಳಿತ ಮೆಕಾರ್ಟ್ನಿಯವರು ಹಾಡು ಎತ್ತಿದಾಗ ತಾಳವಾದ್ಯದ ರಿಂಗೋ ಅವರು ಹೊರಗೆ ಹೋಗಿದ್ದುದನ್ನು ನೋಡಿರಲಿಲ್ಲವಂತೆ. ಹಾಡಿನ ಮೊದಲ ಭಾಗದಲ್ಲಿ ತಾಳವಾದ್ಯ ಇಲ್ಲದ್ದು ಪುಣ್ಯ. ರಿಂಗೋ ಅವರು ಬೆಕ್ಕಿನ ಹೆಜ್ಜೆಯಿಟ್ಟು ಒಳಬಂದು, ತಮ್ಮ ಸರದಿ ಬರುವ ಹೊತ್ತಿಗೆ ಸರಿಯಾಗಿ ಪೀಠದಲ್ಲಿ ಕುಳಿತು ಬಾರಿಸಿದರು. ಇದನ್ನು ಮೆಕಾರ್ಟ್ನಿಯವರು ನಗುತ್ತ ಹೇಳಿಕೊಂಡಿದ್ದಾರೆ.

ಆಗಸ್ಟ್ 1ರಂದು 36 ಮಂದಿಯ ವಾದ್ಯಮೇಳವನ್ನು ಕರೆಸಿದರು. ಹತ್ತು ಪಿಟೀಲುಗಳು, ಕೊಳಲುಗಳು, ನಾಲ್ಕು ಟ್ರಂಪೆಟ್, ನಾಲ್ಕು ಟ್ರಾಂಬೋನ್ ಇತ್ಯಾದಿ. ಇಷ್ಟು ದೊಡ್ಡ ಮೇಳ ಮಾಡಬೇಕಾದ ಕೆಲಸ ಮಾತ್ರ ಕೊನೆಯ ಭಾಗದಲ್ಲಿ ಸ್ವರಗಳನ್ನು ಉದ್ದಕ್ಕೆ ಹಿಡಿದು ನಿಲ್ಲಿಸುವುದು. ಆಮೇಲೆ ಅವರನ್ನು ಚಪ್ಪಾಳೆ ತಟ್ಟಿ ಪಲ್ಲವಿಗೆ ದನಿಗೂಡಿಸಿ ಎಂದು ಕೇಳಿಕೊಂಡಾಗ, ಒಬ್ಬರು ಇದು ವಿದ್ವಾಂಸನ ಕೆಲಸವಲ್ಲವೆಂದು ಸಿಟ್ಟಾಗಿ ಹೊರಟೇಹೋದರು. ಉಳಿದವರು ಇಮ್ಮಡಿ ಸಂಭಾವನೆ ಪಡೆದು ಸಂತೋಷದಿಂದಲೇ ಹಾಡಿದರು.

ಈ ಹಾಡಿನ ಕಟ್ಟಡವನ್ನು ಸ್ವಲ್ಪ ನೋಡೋಣ. ಮೊದಲಿಗೆ ಒಂದೇ ಕಂಠ. ಅದರ ಹಿಂದೆ ಪಿಯಾನೋ. ಯಾರೋ ಒಬ್ಬರು ಒಬ್ಬರ ಕಿವಿಯಲ್ಲಿ ಹೇಳುತ್ತಿರುವಂತಿದೆ. ಚರಣದಿಂದ ಚರಣಕ್ಕೆ ಒಂದೊಂದೇ ವಾದ್ಯ, ಒಂದೊಂದೇ ಕಂಠ ಬಂದು ಸೇರುತ್ತದೆ. ಮೂರು ನಿಮಿಷವಾಗುವ ಹೊತ್ತಿಗೆ ಸಾಹಿತ್ಯ ಮುಗಿಯುತ್ತದೆ. ಆದರೆ ಹಾಡು ಮುಗಿಯುವುದಿಲ್ಲ! ಅರ್ಥವಿಲ್ಲದ ಒಂದೇ ಅಕ್ಷರದ ಆವೃತ್ತಿಯಾಗಿ, ಎಲ್ಲರ ಕಂಠವೂ ಕೂಡಿಕೊಂಡು, ಇನ್ನೂ ನಾಲ್ಕು ನಿಮಿಷ ಸಾಗಿ ಮೆಲ್ಲಗೆ ದೂರವಾಗುತ್ತದೆ. ಅರ್ಧಕ್ಕಿಂತ ಹೆಚ್ಚು ಹಾಡಿನಲ್ಲಿ ಮಾತೇ ಇಲ್ಲವೆಂದಾಯಿತು. ಇದನ್ನು ಕೇಳಿದಾಗ ನನಗೆ ತೊಟ್ಟಿಲೇ ನೆನಪಾಗುತ್ತದೆ. ನಮ್ಮ ‘ಜೋ ಜೋ’ ಎಂಬುದಕ್ಕೆ ಏನು ಅರ್ಥ? ಮಗುವನ್ನು ಮಲಗಿಸುವುದು ಆ ಪದಗಳಲ್ಲ, ಅದೇ ದನಿ ಮತ್ತೆ ಮತ್ತೆ ಬರುವುದೆಂಬ ಭರವಸೆ. ಸಮಾಧಾನದ ಮಾತು ಮುಗಿದ ಮೇಲೂ ಸಮಾಧಾನ ಮಾಡುವವರು ಎದ್ದುಹೋಗಲಿಲ್ಲ ಎಂಬುದನ್ನೇ ಈ ಹಾಡಿನ ಉತ್ತರಾರ್ಧ ಹೇಳುವಂತಿದೆ.

ಹೀಗೆ ಬೆಳೆದ ಹಾಡಿನ ಉದ್ದ ಏಳು ನಿಮಿಷ ಹನ್ನೊಂದು ಸೆಕೆಂಡು. ಇದೊಂದು ದೊಡ್ಡ ತೊಡಕಾಯಿತು. ಹಳೆಯ 78 ಸುತ್ತಿನ ಸಣ್ಣ ತಟ್ಟೆಯ ಒಂದು ಮಗ್ಗುಲಿನಲ್ಲಿ ಹಿಡಿಸುತ್ತಿದ್ದುದು ಸುಮಾರು ಮೂರು ನಿಮಿಷದ ಸಂಗೀತ. ತಟ್ಟೆಗಳು ಬದಲಾದರೂ ಜನಪ್ರಿಯ ಹಾಡಿಗೆ ಮೂರು ನಿಮಿಷವೆಂಬ ಅಳತೆ ಉಳಿದುಕೊಂಡಿತ್ತು. ಬಾನುಲಿ ನಿಲಯಗಳ ಕಾರ್ಯಕ್ರಮಗಳೂ ಆ ಅಳತೆಗೇ ಹೊಂದಿಕೊಂಡಿದ್ದವು. ನಿಮಿಷಕ್ಕೆ 45 ಸುತ್ತು ತಿರುಗುವ ತಟ್ಟೆಯ ಮೇಲೆ ಈ ಹಾಡು ಮುಗಿಯಲು ಮುನ್ನೂರಿಪ್ಪತ್ತಕ್ಕೂ ಹೆಚ್ಚು ಸುತ್ತು ಬೇಕು. ಅಷ್ಟನ್ನು ಒಂದು ಮಗ್ಗುಲಿನಲ್ಲಿ ಅಡಕಬೇಕಾದರೆ ಗೆರೆಗಳನ್ನು ಒತ್ತೊತ್ತಾಗಿ ಕೊರೆಯಬೇಕು. ಇಷ್ಟುದ್ದದ ಹಾಡನ್ನು ಬಾನುಲಿಯವರು ಹಾಕುವುದಿಲ್ಲವೆಂದು ನಿರ್ಮಾಪಕ ಜಾರ್ಜ್ ಮಾರ್ಟಿನ್ ಎಚ್ಚರಿಸಿದಾಗ, ನಮ್ಮದಾದರೆ ಹಾಕುತ್ತಾರೆ ಎಂದು ಲೆನನ್ ಉತ್ತರಕೊಟ್ಟರಂತೆ. ಮಾತು ಗರ್ವದ್ದಾದರೂ ಸುಳ್ಳಾಗಲಿಲ್ಲ. ಅದೇ ವರ್ಷ ರಿಚರ್ಡ್ ಹ್ಯಾರಿಸ್ ಅವರ ‘ಮೆಕಾರ್ಥರ್ ಪಾರ್ಕ್’ ಎಂಬ ಏಳು ನಿಮಿಷದ ಇನ್ನೊಂದು ಹಾಡು ಆಗಲೇ ದಾರಿ ತೆರೆದಿತ್ತೆಂಬುದನ್ನೂ ಹೇಳಬೇಕು.

ಬೀಟಲ್ಸ್ ತಂಡದವರು ಹೊಸದಾಗಿ ತೆರೆದಿದ್ದ ಆ್ಯಪಲ್ ಸಂಸ್ಥೆಯ ಮುದ್ರೆಯೊಡನೆ ತಟ್ಟೆ ಆಗಸ್ಟ್ 26ರಂದು ಅಮೆರಿಕದಲ್ಲೂ 30ರಂದು ಬ್ರಿಟನ್ನಿನಲ್ಲೂ ಹೊರಬಂತು. ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಒಂಬತ್ತು ವಾರ ಮೊದಲ ಸ್ಥಾನದಲ್ಲಿ ನಿಂತಿತು. ಬ್ರಿಟನ್ನಿನಲ್ಲಿ ಎರಡು ವಾರದ ಮೇಲೆ ಅದನ್ನು ಕೆಳಗಿಳಿಸಿದ್ದು ಮೇರಿ ಹಾಪ್ಕಿನ್ ಎಂಬ ತರುಣಿಯ ಹಾಡು; ಅದೂ ಆ್ಯಪಲ್ ಸಂಸ್ಥೆಯದೇ, ಅದನ್ನು ಸಿದ್ಧಪಡಿಸಿದವರೂ ಮೆಕಾರ್ಟ್ನಿಯವರೇ! ಸೆಪ್ಟೆಂಬರ್ 4ರಂದು ಟ್ವಿಕೆನ್‌ಹ್ಯಾಮ್‌ನಲ್ಲಿ ಹಾಡಿನ ಚಿತ್ರೀಕರಣ ನಡೆದಾಗ ಸುಮಾರು ಮುನ್ನೂರು ಮಂದಿ ಸಾಮಾನ್ಯ ಜನರನ್ನು ಕರೆಸಿದ್ದರು. ಕೊನೆಯ ಭಾಗ ಬಂದಾಗ ಅವರು ಪಿಯಾನೋವನ್ನೂ ತಾಳವಾದ್ಯವನ್ನೂ ಸುತ್ತುವರಿದು ಹಾಡಿದರು. ಹುಡುಗನೊಬ್ಬನ ಹಾಡು ಜನಜಂಗುಳಿಯ ಹಾಡಾದದ್ದನ್ನು ಆ ಚಿತ್ರದಲ್ಲಿ ಕಣ್ಣಾರೆ ನೋಡಬಹುದು.

ಹೆಸರು ಬದಲಾದದ್ದರಿಂದ ಒಂದು ಅನರ್ಥವೂ ನಡೆಯಿತು. ಲಂಡನ್ನಿನ ಬೇಕರ್ ಬೀದಿಯಲ್ಲಿ ಆ್ಯಪಲ್ ಸಂಸ್ಥೆಯ ಬಟ್ಟೆಯಂಗಡಿಯೊಂದಿತ್ತು. ಅದು ಜುಲೈ ಕೊನೆಗೆ ಮುಚ್ಚಿತು. ಬರಿದಾದ ಅಂಗಡಿಯ ಗಾಜಿಗೆ ಬಳಿದಿದ್ದ ಸುಣ್ಣದಲ್ಲಿ ಮೆಕಾರ್ಟ್ನಿಯವರು ಹಾಡಿನ ಹೆಸರನ್ನು ದೊಡ್ಡದಾಗಿ ಬರೆಸಿದರು; ಪ್ರಚಾರವಾಗಲಿ ಎಂಬುದಷ್ಟೇ ಉದ್ದೇಶ. ಆದರೆ ಜರ್ಮನ್ ಭಾಷೆಯಲ್ಲಿ ‘ಯೂಡ’ ಎಂದರೆ ಯೆಹೂದಿ. ಅದನ್ನು ಬರೆಯುವುದೂ ‘ಜೂಡ್’ ಎಂಬುದರ ಅಕ್ಷರಗಳಲ್ಲೇ. ಹಿಟ್ಲರನ ದಿನಗಳಲ್ಲಿ ಯೆಹೂದಿಗಳ ಅಂಗಡಿಗಳ ಗಾಜಿನ ಮೇಲೆ ಇಂಥ ಬರಹವನ್ನು ಕಂಡ ಜನ ಇನ್ನೂ ಬದುಕಿದ್ದರು. ಆ ನೆರೆಹೊರೆಯ ಯೆಹೂದಿಗಳಿಗೆ ಕೋಪ ಬಂದದ್ದು ಸಹಜ. ಗಾಜು ಪುಡಿಯಾಯಿತು. ಸಮಾಧಾನದ ಹಾಡೊಂದು ಯಾರದೋ ಹಳೆಯ ಗಾಯವನ್ನು ಕೆದಕಿತ್ತು. ಬೀದಿಗೆ ಬಂದ ಮಾತು ಯಾರ ಕಿವಿಯಲ್ಲಿ ಯಾವ ಅರ್ಥ ಪಡೆಯುವುದೋ ಬಲ್ಲವರಾರು?

ಅದೇ ಆಗಸ್ಟಿನ ಇನ್ನೊಂದು ಘಟನೆಯನ್ನು ಇಲ್ಲಿ ನೆನೆಯಬೇಕು. ತಟ್ಟೆ ಹೊರಬರುವುದಕ್ಕೆ ಒಂದು ವಾರ ಮೊದಲು, 20ನೆಯ ತಾರೀಖಿನ ರಾತ್ರಿ, ಸೋವಿಯತ್ ಒಕ್ಕೂಟವೂ ಅದರ ಮಿತ್ರರಾಷ್ಟ್ರಗಳೂ ಚೆಕೊಸ್ಲೊವಾಕಿಯಾ ದೇಶಕ್ಕೆ ಸೇನೆ ನುಗ್ಗಿಸಿದವು. ಪ್ರಾಗ್ ನಗರದ ಬೀದಿಗಳಲ್ಲಿ ಟ್ಯಾಂಕುಗಳು ನಿಂತವು. ಆ ದೇಶದ ಮೆಚ್ಚಿನ ಗಾಯಕಿ ಮಾರ್ತಾ ಕುಬಿಶೋವಾ ಅವರು ‘ಹೇ ಜೂಡ್’ ಹಾಡನ್ನು ಚೆಕ್ ಮಾತುಗಳಲ್ಲಿ ಹಾಡಿದರು. ಝ್ದೆನೆಕ್ ಬೊರೊವೆಟ್ಸ್ ಬರೆದ ಆ ಸಾಹಿತ್ಯ ಇಂಗ್ಲಿಷಿನ ನೇರ ಅನುವಾದವಲ್ಲ. 1969ರಲ್ಲಿ ಅದು ಹೊರಬಂದಾಗ ಸೋತು ಕುಳಿತ ಜನಕ್ಕೆ ತಮ್ಮನ್ನೇ ಯಾರೋ ಮಾತಾಡಿಸಿದಂತಾಯಿತು. 1970ರಲ್ಲಿ ಹೊಸ ಆಡಳಿತ ಸುಳ್ಳು ಆರೋಪ ಹೊರಿಸಿ ಆಕೆ ಹಾಡುವುದನ್ನೇ ನಿಷೇಧಿಸಿತು. ಮುಂದೆ ಹತ್ತೊಂಬತ್ತು ವರ್ಷ ಆಕೆಯ ದನಿ ಬಾನುಲಿಯಲ್ಲಾಗಲಿ ವೇದಿಕೆಯಲ್ಲಾಗಲಿ ಕೇಳಿಸಲಿಲ್ಲ. 1989ರ ನವೆಂಬರಿನಲ್ಲಿ ಆ ಆಡಳಿತ ಕುಸಿಯುತ್ತಿದ್ದಾಗ ಪ್ರಾಗ್ ನಗರದ ವೆನ್ಸೆಸ್ಲಾಸ್ ಚೌಕದಲ್ಲಿ ಆಕೆ ಮತ್ತೆ ಜನರೆದುರು ಹಾಡಿದರು. ತಂದೆ ಬಿಟ್ಟುಹೋದ ಒಬ್ಬ ಹುಡುಗನಿಗೆ ಹೇಳಿದ ಸಮಾಧಾನ ಸ್ವಾತಂತ್ರ್ಯ ಕಳೆದುಕೊಂಡ ಒಂದು ನಾಡಿಗೂ ಸಾಕಾದೀತೆಂದು ಆ ದಿನ ಕಾರಿನಲ್ಲಿ ಗುನುಗಿದವರು ಎಣಿಸಿರಲಾರರು.

ಹಾಗಾದರೆ ತಂದೆ ಮಗನಿಗೆ ಏನನ್ನೂ ಹಾಡಲಿಲ್ಲವೇ? ಹಾಗೆ ಹೇಳುವುದು ಅನ್ಯಾಯವಾದೀತು. ಅದೇ ಬೇಸಿಗೆಯಲ್ಲಿ ಲೆನನ್ ಅವರೂ ಜೂಲಿಯನ್‌ಗಾಗಿ ‘ಗುಡ್ ನೈಟ್’ ಎಂಬ ಒಂದು ಲಾಲಿಯನ್ನು ಕಟ್ಟಿದರು. ಅದು ನವೆಂಬರ್ 22ರಂದು ಹೊರಬಂದ ತಂಡದ ದೊಡ್ಡ ತಟ್ಟೆಯ ಕಡೆಯ ಹಾಡಾಯಿತು. ಆದರೆ ಅದನ್ನು ಅವರು ತಾವು ಹಾಡದೆ ರಿಂಗೋ ಅವರಿಂದ ಹಾಡಿಸಿದರು. ಅದೇ ತಿಂಗಳ 8ರಂದು ನ್ಯಾಯಾಲಯ ವಿವಾಹವಿಚ್ಛೇದನವನ್ನು ಮಂಜೂರು ಮಾಡಿತ್ತು. ಲಾಲಿ ಮಗನಿಗೆ ತಲುಪಿದಾಗ ಅದರಲ್ಲಿ ತಂದೆಯ ಕಂಠವಿರಲಿಲ್ಲ, ಮನೆಯಲ್ಲಿ ತಂದೆಯೂ ಇರಲಿಲ್ಲ.

ಮಗು ಬೆಳೆಯಿತು. ಇನ್ನು ಅವರನ್ನು ಬಹುವಚನದಲ್ಲಿ ಕರೆಯುವುದು ಉಚಿತ. ಲೋಕವೆಲ್ಲ ಹಾಡಿಕೊಂಡ ಆ ಹಾಡು ತಮಗಾಗಿ ಹುಟ್ಟಿದ್ದೆಂಬ ಸಂಗತಿ ಜೂಲಿಯನ್ ಲೆನನ್ ಅವರಿಗೆ ತಿಳಿದದ್ದು ಬಹಳ ವರ್ಷಗಳ ಮೇಲೆ. ಚಿಕ್ಕಂದಿನಲ್ಲಿ ತಂದೆಗಿಂತ ಪಾಲ್ ಅವರ ಜತೆಗೇ ತಾವು ಹೆಚ್ಚು ಆಡಿದ್ದುದನ್ನು ಅವರು ಹೇಳಿಕೊಂಡಿದ್ದಾರೆ. ಆ ಕಾಲದ ಭಾವಚಿತ್ರಗಳಲ್ಲೂ ತಂದೆಗಿಂತ ಪಾಲ್ ಅವರೇ ಹೆಚ್ಚಾಗಿ ಕಾಣಿಸುತ್ತಾರಂತೆ. ಅವರೂ ಸಂಗೀತಗಾರರಾದರು. 1980ರ ಡಿಸೆಂಬರ್ 8ರಂದು ನ್ಯೂಯಾರ್ಕಿನಲ್ಲಿ ಜಾನ್ ಲೆನನ್ ಅವರು ಕೊಲೆಯಾದಾಗ ಜೂಲಿಯನ್ ಅವರಿಗೆ ಹದಿನೇಳು ವರ್ಷ. ತಂದೆಮಕ್ಕಳು ಕುಳಿತು ಆಡಿ ತೀರಿಸಬೇಕಾಗಿದ್ದ ಮಾತು ಹಾಗೆಯೇ ಉಳಿದುಹೋಯಿತು.

1996ರಲ್ಲಿ ಲಂಡನ್ನಿನಲ್ಲಿ ಒಂದು ಹರಾಜು ನಡೆಯಿತು. ‘ಹೇ ಜೂಡ್’ ಧ್ವನಿಮುದ್ರಣದ ಸಮಯದಲ್ಲಿ ಬರೆದಿಟ್ಟುಕೊಂಡ ಟಿಪ್ಪಣಿಯ ಹಾಳೆಗಳು ಅಲ್ಲಿ ಮಾರಾಟಕ್ಕೆ ಬಂದಿದ್ದವು. ಅವುಗಳನ್ನು 25,000 ಪೌಂಡು ಕೊಟ್ಟು ಕೊಂಡವರು ಜೂಲಿಯನ್ ಅವರೇ. ಓದುಗರು ಒಂದು ಗಳಿಗೆ ಇಲ್ಲಿ ನಿಲ್ಲಬೇಕು. ತನಗೆಂದು ಹುಟ್ಟಿದ ಹಾಡಿನ ಕಾಗದವನ್ನು, ಅಪರಿಚಿತರ ನಡುವೆ ಬೆಲೆ ಕೂಗಿಸಿ, ಆತ ಕೊಂಡುಕೊಳ್ಳಬೇಕಾಯಿತು. 2020ರಲ್ಲಿ ಮೆಕಾರ್ಟ್ನಿಯವರ ಕೈಬರಹದ ಸಾಹಿತ್ಯದ ಹಾಳೆಯೊಂದು ಅಮೆರಿಕದ ಹರಾಜಿನಲ್ಲಿ 9,10,000 ಡಾಲರಿಗೆ ಹೋಯಿತು. ಜೋಗುಳಕ್ಕೆ ಯಾರೂ ಬೆಲೆ ಕಟ್ಟುವುದಿಲ್ಲವೆಂದು ಮೊದಲಿಗೆ ಹೇಳಿದೆನಲ್ಲವೇ? ಲೋಕದ ಪಾಲಾದ ಹಾಡಿಗೆ ಬೆಲೆ ಬರುತ್ತದೆ. ಆ ಬೆಲೆಯನ್ನು ಕೆಲವೊಮ್ಮೆ ತೊಟ್ಟಿಲಲ್ಲಿದ್ದವರೇ ತೆರಬೇಕಾಗುತ್ತದೆ.

ಈ ಹಾಡಿನ ಬಗ್ಗೆ ಜೂಲಿಯನ್ ಅವರ ಮನಸ್ಸಿನಲ್ಲಿ ಎರಡು ಭಾವಗಳಿರುವುದನ್ನು ಅವರು ಮುಚ್ಚಿಟ್ಟಿಲ್ಲ. ಪಾಲ್ ಅವರ ಮಮತೆಗೆ ಕೃತಜ್ಞತೆ ಒಂದು. ಕೇಳಿದಾಗಲೆಲ್ಲ ಮನೆ ಒಡೆದ ಆ ವರ್ಷ ಕಣ್ಣೆದುರಿಗೆ ಬರುವುದು ಇನ್ನೊಂದು. ಉಳಿದವರು ಕೈಯೆತ್ತಿ ಹಾಡುವ ಜಾಗದಲ್ಲಿ ಅವರಿಗೆ ನೋವು ನೆನಪಾಗುತ್ತದೆ. 2012ರ ಜುಲೈ 27ರಂದು ಲಂಡನ್ ಒಲಿಂಪಿಕ್ ಕ್ರೀಡೆಗಳ ಆರಂಭದ ರಾತ್ರಿ ಎಪ್ಪತ್ತು ವಯಸ್ಸಿನ ಮೆಕಾರ್ಟ್ನಿಯವರು ಇದನ್ನೇ ಹಾಡಿದಾಗ ಕ್ರೀಡಾಂಗಣಕ್ಕೆ ಕ್ರೀಡಾಂಗಣವೇ ದನಿಗೂಡಿಸಿತು. ಸಾಂತ್ವನ ಬೇಕಾದವರ ಸಂಖ್ಯೆ ಲೋಕದಲ್ಲಿ ಅಷ್ಟು ದೊಡ್ಡದು.

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಜೂಲಿಯನ್ ಅವರು 2020ರಲ್ಲಿ ತಮ್ಮ ಹೆಸರನ್ನು ಕಾನೂನಿನ ಪ್ರಕಾರ ತಿದ್ದಿಸಿದರು. ಅದುವರೆಗೆ ಕಾಗದಪತ್ರಗಳಲ್ಲಿ ಜಾನ್ ಎಂಬ ತಂದೆಯ ಹೆಸರು ಮೊದಲು ಬಂದು ತಮ್ಮದು ಹಿಂದೆ ಬೀಳುತ್ತಿತ್ತು. ಈಗ ಜೂಲಿಯನ್ ಎಂಬುದನ್ನು ಮುಂದಕ್ಕೆ ತಂದರು. 2022ರ ಸೆಪ್ಟೆಂಬರಿನಲ್ಲಿ ಹೊರತಂದ ತಮ್ಮ ಹಾಡುಗಳ ಸಂಗ್ರಹಕ್ಕೆ ಅವರು ಇಟ್ಟ ಹೆಸರು ‘ಜೂಡ್’. ಐವತ್ತನಾಲ್ಕು ವರ್ಷದ ಹಿಂದೆ, ಕಿವಿಗೆ ಹಿತವಾಗಲೆಂದು ತಿದ್ದಿದ ಒಂದು ಅಕ್ಷರದಿಂದ ಅವರ ಕೈತಪ್ಪಿ ಹೋದ ಹಾಡಿನ ಹೆಸರದು. ಐವತ್ತೊಂಬತ್ತನೆಯ ವಯಸ್ಸಿನಲ್ಲಿ ಅದನ್ನು ಅವರು ತಮ್ಮದೆಂದು ಕೈಗೆತ್ತಿಕೊಂಡರು.

ಹಾಡು ಮಗುವಿನ ಬಳಿಗೆ ಹಿಂತಿರುಗಿತೇ ಎಂಬ ಪ್ರಶ್ನೆಗೆ ನಾನು ಕಂಡ ಉತ್ತರ ಇಷ್ಟು: ಹಿಂತಿರುಗಿತು, ಆದರೆ ತಾನಾಗಿ ಅಲ್ಲ, ಮಗುವೇ ದೊಡ್ಡದಾಗಿ, ಹೋಗಿ ಕರೆದುಕೊಂಡು ಬರಬೇಕಾಯಿತು. ಮುಂದೆ ಎಂದಾದರೂ ನಿಮ್ಮ ಮನೆಯ ಬಾನುಲಿಯಲ್ಲಿ ಈ ಹಾಡು ಬಂದರೆ, ಕೊನೆಯ ನಾಲ್ಕು ನಿಮಿಷದ ಸಂಭ್ರಮದ ಗದ್ದಲಕ್ಕೆ ಮೊದಲು ಬರುವ ಆ ಒಂಟಿ ಕಂಠವನ್ನು ಸ್ವಲ್ಪ ಕಿವಿಗೊಟ್ಟು ಕೇಳಿ. ಕಾರಿನಲ್ಲಿ ಒಬ್ಬರು ಹೋಗುತ್ತಿದ್ದಾರೆ. ಹೋಗುವ ಮನೆಯಲ್ಲಿ ಐದು ವರ್ಷದ ಒಬ್ಬ ಹುಡುಗನಿದ್ದಾನೆ. ಅವನಿಗೆ ಏನು ಹೇಳಬೇಕೆಂದು ಅವರಿಗೆ ಇನ್ನೂ ಗೊತ್ತಾಗಿಲ್ಲ.